ಮೊದಲು ಎಣಿಸಿ, ಆಮೇಲೆ ಮುಟ್ಟಿ: ಜಾವಾಸ್ಕ್ರಿಪ್ಟ್‌ನಲ್ಲಿ ಸಿಎಸ್‌ಎಸ್ ಸೆಲೆಕ್ಟರ್ ಬಳಸುವ ಬಗೆ

ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯಕ್ಕೆ ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ಅದರಲ್ಲಿ ಐದು ಪುಸ್ತಕಗಳ ಪಟ್ಟಿ ಇತ್ತು. ಪ್ರತಿ ಪುಸ್ತಕದ ಹೆಸರಿನ ಮುಂದೆ 'ಹೊಸತು' ಅಂತ ಸೇರಿಸಬೇಕಿತ್ತು. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಒಂದೇ ಸಾಲು ಬರೆದೆ, ಪುಟ ತೆರೆದೆ. ಐದೂ ಪುಸ್ತಕಗಳ ಮುಂದೆ 'ಹೊಸತು' ಬಂದಿತ್ತು. ಮೇಲೆ ನೋಡಿದರೆ ಗ್ರಂಥಾಲಯದ ಹೆಸರಿನ ಮುಂದೆಯೂ ಬಂದಿತ್ತು. ನಾನು ಕೇಳಿದ್ದು ಐದು ಎಂದುಕೊಂಡಿದ್ದೆ, ಸಿಕ್ಕಿದ್ದು ಆರು. ಮೊದಲೇ ಒಮ್ಮೆ ಎಣಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸೆಲೆಕ್ಟರ್ ಅಂದರೆ ಪುಟಕ್ಕೆ ನಾವು ಕೇಳುವ ಪ್ರಶ್ನೆ. "ಈ ಗುರುತು ಇರುವವರೆಲ್ಲ ಕೈ ಎತ್ತಿ" ಅಂದ ಹಾಗೆ. ಎಷ್ಟು ಕೈ ಮೇಲೆದ್ದವು ಎಂದು ನೋಡದೆ ಮುಂದಿನ ಕೆಲಸ ಶುರು ಮಾಡಬಾರದು. ಈ ಲೇಖನದ ಪ್ರತಿ ಹೆಜ್ಜೆಯಲ್ಲೂ ಎಣಿಕೆ ಬರುತ್ತದೆ. ಇದೊಂದು ಅಭ್ಯಾಸ ಆದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಒಂದು ಮಾತು. ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್‌ನ (ಪುಟದ ಬಣ್ಣ, ಅಳತೆ ಹೇಳುವ ಭಾಷೆ) ಪದಗಳನ್ನು, ಟ್ಯಾಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೋಡ್ ಬರೆಯುವಾಗ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ಆದರೆ 'ಪುಸ್ತಕ', 'ಹೆಸರು' ಮುಂತಾದ ಕ್ಲಾಸ್ ಮತ್ತು ಐಡಿ ಹೆಸರುಗಳನ್ನು (ಪುಟದ ಭಾಗಗಳಿಗೆ ನಾವೇ ಕೊಡುವ ಗುರುತುಗಳನ್ನು) ಕನ್ನಡದಲ್ಲೇ ಇಡಬಹುದು. ಸಿಎಸ್‌ಎಸ್ ಇದನ್ನು ಒಪ್ಪುತ್ತದೆ, ಬ್ರೌಸರ್ ಒಪ್ಪುತ್ತದೆ, ಜೆಕ್ವೆರಿಯೂ ಒಪ್ಪುತ್ತದೆ. ಹಾಗಾಗಿ ಕೆಳಗಿನ ಹಲವು ಸಾಲುಗಳು ಇದ್ದ ಹಾಗೇ ಓಡುತ್ತವೆ.

ಕನ್ಸೋಲ್ ತೆರೆಯಿರಿ

ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ಒಂದು ಲೇಖನ ತೆರೆಯಿರಿ. 'ಇತಿಹಾಸ' ಎಂಬ ವಿಭಾಗ ಇರುವ ಯಾವುದಾದರೂ ಆಗುತ್ತದೆ, ಒಂದು ಊರಿನ ಲೇಖನ ಆದರೆ ಸುಲಭ. ಎಫ್12 ಒತ್ತಿ, ಕನ್ಸೋಲ್ ಅನ್ನುವ ಟ್ಯಾಬ್‌ಗೆ ಹೋಗಿ. ಅಲ್ಲಿ ಇದನ್ನು ಬರೆದು ಎಂಟರ್ ಒತ್ತಿ:

```
$('#ಇತಿಹಾಸ')
```

ಆ ವಿಭಾಗದ ತಲೆಬರಹ ಸಿಗುತ್ತದೆ. ಇದು ನಿಜವಾದ ಕೋಡ್, ಇದರಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇಲ್ಲ. ಕನ್ನಡ ವಿಕಿಪೀಡಿಯ ತನ್ನ ವಿಭಾಗಗಳಿಗೆ ಕನ್ನಡದಲ್ಲೇ ಐಡಿ ಕೊಡುತ್ತದೆ. ಪದಗಳ ನಡುವೆ ಜಾಗ ಇದ್ದರೆ ಅಲ್ಲಿ ಅಡಿಗೆರೆ ಬರುತ್ತದೆ. 'ಬಾಹ್ಯ ಕೊಂಡಿಗಳು' ಎಂಬ ವಿಭಾಗ ಇದ್ದರೆ ಹೀಗೆ ಕೇಳಿ:

```
$('#ಬಾಹ್ಯ_ಕೊಂಡಿಗಳು')
```

ಇಲ್ಲಿ ಡಾಲರ್ ಅಂದರೆ ಜೆಕ್ವೆರಿ. ವಿಕಿಪೀಡಿಯದ ಪುಟಗಳು ಜೆಕ್ವೆರಿಯನ್ನು ಜೊತೆಗೇ ತರುತ್ತವೆ. ಜೆಕ್ವೆರಿ ಇಲ್ಲದ ಪುಟದ ಕನ್ಸೋಲ್‌ನಲ್ಲಿ ಇದೇ ಡಾಲರ್ ಬರೆದರೂ ಉತ್ತರ ಬರುತ್ತದೆ. ಆದರೆ ಅದು ಬ್ರೌಸರ್ ತಾನೇ ಇಟ್ಟುಕೊಂಡಿರುವ ಅಡ್ಡದಾರಿ, ಮೊದಲು ಸಿಕ್ಕ ಒಂದನ್ನು ಮಾತ್ರ ಕೊಡುತ್ತದೆ. ಎರಡು ಡಾಲರ್ ಹಾಕಿದರೆ ಎಲ್ಲವನ್ನೂ ಕೊಡುತ್ತದೆ. ಈ ಎರಡು ಡಾಲರ್ ಕನ್ಸೋಲ್‌ನಲ್ಲಿ ಮಾತ್ರ ಸಿಗುವ ಸೌಲಭ್ಯ. ನಿಮ್ಮ ಕಡತದಲ್ಲಿ ಬರೆದರೆ ನಡೆಯದು. ಎಣಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಉತ್ತರದ ಪಕ್ಕದಲ್ಲೇ ಸಂಖ್ಯೆ ತೋರಿಸುತ್ತದೆ.

ಈ ಡಾಲರ್ ಎಲ್ಲಿಂದ ಬಂತು

ಸಿಎಸ್‌ಎಸ್ ಸೆಲೆಕ್ಟರ್ ಹುಟ್ಟಿದ್ದು ಬಣ್ಣ, ಅಳತೆ ಹೇಳುವುದಕ್ಕೆ. ಜಾವಾಸ್ಕ್ರಿಪ್ಟ್‌ಗೂ ಅದೇ ಭಾಷೆಯಲ್ಲಿ ಕೇಳಬಹುದು ಎಂದು 2003ರಲ್ಲಿ ಸೈಮನ್ ವಿಲಿಸನ್ ಒಂದು ಸಣ್ಣ ಫಂಕ್ಷನ್ ಬರೆದು ತೋರಿಸಿದರು. 2006ರ ಜನವರಿಯಲ್ಲಿ ಜಾನ್ ರೆಸಿಗ್ ನ್ಯೂಯಾರ್ಕ್‌ನಲ್ಲಿ ಜೆಕ್ವೆರಿಯನ್ನು ಹೊರತಂದರು. ಆಗ ಬ್ರೌಸರ್‌ಗಳಿಗೆ ಈ ಕೆಲಸ ತಾವಾಗಿ ಬರುತ್ತಿರಲಿಲ್ಲ. ಲೈಬ್ರರಿಯೇ ಸೆಲೆಕ್ಟರನ್ನು ಬಿಡಿಸಿ ಓದಿ, ಪುಟವನ್ನೆಲ್ಲ ಸುತ್ತಿ ಹುಡುಕಬೇಕಿತ್ತು. 2008-09ರ ಹೊತ್ತಿಗೆ ಸಫಾರಿ, ಫೈರ್‌ಫಾಕ್ಸ್, ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಎಲ್ಲದರಲ್ಲೂ ಕ್ವೆರಿ ಸೆಲೆಕ್ಟರ್, ಕ್ವೆರಿ ಸೆಲೆಕ್ಟರ್ ಆಲ್ ಎಂಬ ಎರಡು ಕರೆಗಳು ಬಂದವು. ಮೊದಲನೆಯದು ಒಂದನ್ನು ಕೊಡುತ್ತದೆ, ಎರಡನೆಯದು ಎಲ್ಲವನ್ನೂ ಕೊಡುತ್ತದೆ. ಈಗ ಜೆಕ್ವೆರಿಯೂ ಆದಷ್ಟು ಕೆಲಸವನ್ನು ಬ್ರೌಸರ್‌ಗೇ ಬಿಡುತ್ತದೆ.

ಪುಟದ ಮರ ಬರೆದುಕೊಳ್ಳಿ

ಸೆಲೆಕ್ಟರ್ ಬರೆಯುವ ಮೊದಲು ಪುಟದ ಮರವನ್ನು, ಅಂದರೆ ಯಾವುದರ ಒಳಗೆ ಯಾವುದಿದೆ ಎಂಬುದನ್ನು, ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ನನ್ನ ಗ್ರಂಥಾಲಯದ ಪುಟ ಹೀಗಿತ್ತು. ಹ್ಯಾಶ್ ಅಂದರೆ ಐಡಿ, ಚುಕ್ಕಿ ಅಂದರೆ ಕ್ಲಾಸ್. ಪುಸ್ತಕದ ಮುಂದೆ ಆವರಣದಲ್ಲಿ ಇರುವುದು ಅದರೊಳಗಿನ ಕ್ಲಾಸ್‌ಗಳು:

```
.ಮೇಲ್ಪಟ್ಟಿ
    .ಹೆಸರು              (ಗ್ರಂಥಾಲಯದ ಹೆಸರು)
#ಪುಸ್ತಕಗಳು
    .ಶೀರ್ಷಿಕೆ
    .ಪುಸ್ತಕ             (ಹೆಸರು, ಲೇಖಕ)
    .ಪುಸ್ತಕ.ಎರವಲು       (ಹೆಸರು, ಲೇಖಕ)
    .ಪುಸ್ತಕ             (ಹೆಸರು, ಲೇಖಕ)
    .ಪುಸ್ತಕ.ಎರವಲು       (ಹೆಸರು, ಲೇಖಕ, ತಡ)
    .ಪುಸ್ತಕ             (ಹೆಸರು, ಲೇಖಕ)
```

ಐದು ಪುಸ್ತಕ. ಎರಡನ್ನು ಯಾರೋ ಎರವಲು ತೆಗೆದುಕೊಂಡು ಹೋಗಿದ್ದಾರೆ. ಅದರಲ್ಲಿ ಒಂದು ತಡವಾಗಿದೆ. ಮೇಲಿನ ಪಟ್ಟಿಯಲ್ಲೂ ಒಂದು 'ಹೆಸರು' ಇದೆ ನೋಡಿ. ನಾನು ಎಡವಿದ್ದು ಅಲ್ಲೇ.

```
$$('.ಹೆಸರು')                  → 6
$$('#ಪುಸ್ತಕಗಳು .ಹೆಸರು')        → 5
```

ಎರಡನೇ ಸಾಲಿನಲ್ಲಿ ಎರಡು ಹೆಸರುಗಳ ನಡುವೆ ಇರುವ ಖಾಲಿ ಜಾಗಕ್ಕೆ ಅರ್ಥ ಇದೆ: 'ಅದರ ಒಳಗೆ, ಎಷ್ಟೇ ಆಳದಲ್ಲಿ'. ಈ ಖಾಲಿ ಜಾಗವೇ ಹೊಸಬರನ್ನು ಜಾಸ್ತಿ ಕಾಡುವುದು. ಈ ಎರಡು ಸಾಲು ನೋಡಿ:

```
$$('.ಪುಸ್ತಕ.ಎರವಲು')           → 2
$$('.ಪುಸ್ತಕ .ಎರವಲು')          → 0
```

ಮೊದಲನೆಯದು ಎರಡೂ ಕ್ಲಾಸ್ ಒಂದೇ ಎಲಿಮೆಂಟ್ (ಪುಟದ ಒಂದು ಭಾಗ) ಮೇಲೆ ಇರಬೇಕು ಎನ್ನುತ್ತದೆ. ಎರಡನೆಯದು ಪುಸ್ತಕದ ಹೊಟ್ಟೆಯೊಳಗೆ 'ಎರವಲು' ಎಂಬ ಇನ್ನೊಂದು ಎಲಿಮೆಂಟ್ ಇರಬೇಕು ಎನ್ನುತ್ತದೆ. ಅಂಥದ್ದು ಇಲ್ಲ, ಹಾಗಾಗಿ ಸೊನ್ನೆ. ಕಣ್ಣಿಗೆ ಒಂದು ಜಾಗದ ವ್ಯತ್ಯಾಸ ಅಷ್ಟೇ.

ಉಳಿದ ಜೋಡಣೆಗಳು ಬೇಗ ಹಿಡಿಸುತ್ತವೆ. ದೊಡ್ಡದು ಚಿಹ್ನೆ ಹಾಕಿದರೆ ನೇರ ಮಕ್ಕಳು ಮಾತ್ರ, ಮೊಮ್ಮಕ್ಕಳು ಲೆಕ್ಕಕ್ಕಿಲ್ಲ. ಕೂಡು ಚಿಹ್ನೆ ಹಾಕಿದರೆ ಬೆನ್ನಿಗೇ ಹುಟ್ಟಿದ ತಮ್ಮ. ಅಲೆಗೆರೆ ಹಾಕಿದರೆ ಆಮೇಲೆ ಹುಟ್ಟಿದ ತಮ್ಮಂದಿರೆಲ್ಲ. ಅಲ್ಪವಿರಾಮ ಅಂದರೆ 'ಇದೂ ಬೇಕು, ಅದೂ ಬೇಕು'.

```
$$('#ಪುಸ್ತಕಗಳು > .ಹೆಸರು')      → 0
$$('.ಎರವಲು + .ಪುಸ್ತಕ')         → 2
$$('.ಎರವಲು ~ .ಪುಸ್ತಕ')         → 3
$$('.ಶೀರ್ಷಿಕೆ, .ಲೇಖಕ')          → 6
```

ಮೇಲಿನ ಮರ ನೋಡಿಕೊಂಡು ಈ ನಾಲ್ಕು ಸಂಖ್ಯೆಗಳನ್ನು ನೀವೇ ಒಮ್ಮೆ ಎಣಿಸಿ. ಮೂರನೇ ಸಾಲಿಗೆ ಮೂರು ಯಾಕೆ ಬಂತು, ನಾಲ್ಕು ಯಾಕೆ ಬರಲಿಲ್ಲ ಎಂದು ಗೊತ್ತಾದರೆ ಈ ಪಾಠ ಕೈಗೆ ಹತ್ತಿದ ಹಾಗೆ.

ಬೇಡದ್ದನ್ನು ಬಿಡುವುದು, ಒಳಗೆ ಇಣುಕುವುದು

ಎರವಲು ಹೋಗದ ಪುಸ್ತಕಗಳು ಬೇಕೆಂದರೆ 'ನಾಟ್' ಬಳಸಬೇಕು. ತಡವಾದ ಪುಸ್ತಕದ ಪೆಟ್ಟಿಗೆಯೇ ಬೇಕೆಂದರೆ 'ಹ್ಯಾಸ್':

```
$$('.ಪುಸ್ತಕ:ನಾಟ್(.ಎರವಲು)')     → 3
$$('.ಪುಸ್ತಕ:ಹ್ಯಾಸ್(.ತಡ)')       → 1
```

'ಹ್ಯಾಸ್' ಬಗ್ಗೆ ನನಗೆ ವಿಶೇಷ ಪ್ರೀತಿ. ಉಳಿದ ಸೆಲೆಕ್ಟರ್‌ಗಳೆಲ್ಲ ಮೇಲಿನಿಂದ ಕೆಳಗೆ ನೋಡುತ್ತವೆ. ಇದೊಂದು ಒಳಗಿರುವುದನ್ನು ನೋಡಿ ಹೊರಗಿರುವುದನ್ನು ಆರಿಸುತ್ತದೆ. ಜೆಕ್ವೆರಿಯಲ್ಲಿ ಇದು ಬಹಳ ಹಿಂದೆಯೇ ಇತ್ತು. ಬ್ರೌಸರ್‌ಗಳು ಇದನ್ನು ಕಲಿಯಲು ವರ್ಷಗಳೇ ಬೇಕಾದವು. 2022ರಲ್ಲಿ ಸಫಾರಿ, ಕ್ರೋಮ್ ಕಲಿತವು. 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121 ಬಂದ ಮೇಲೆ ಎಲ್ಲ ಕಡೆ ಸಿಕ್ಕಿತು.

'ಎನ್‌ತ್ ಚೈಲ್ಡ್' ಬಗ್ಗೆ ಸ್ವಲ್ಪ ಹುಷಾರು ಬೇಕು. '.ಪುಸ್ತಕ' ಪಕ್ಕದಲ್ಲಿ ಎನ್‌ತ್ ಚೈಲ್ಡ್ 1 ಅಂತ ಬರೆದರೆ ಮೊದಲ ಪುಸ್ತಕ ಸಿಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ನಮ್ಮ ಪುಟದಲ್ಲಿ ಸೊನ್ನೆ ಸಿಗುತ್ತದೆ. ಅದರ ಅರ್ಥ 'ತಾಯಿಯ ಮೊದಲ ಮಗುವೂ ಆಗಿರಬೇಕು, ಪುಸ್ತಕವೂ ಆಗಿರಬೇಕು'. ನಮ್ಮಲ್ಲಿ ಮೊದಲ ಮಗು ಶೀರ್ಷಿಕೆ. ಎನ್‌ತ್ ಚೈಲ್ಡ್ 3 ಬರೆದರೆ ಸಿಗುವುದು ಎರಡನೇ ಪುಸ್ತಕ. ಜೆಕ್ವೆರಿಯ 'ಇಕ್ಯೂ' ಬೇರೆ ಥರ ಎಣಿಸುತ್ತದೆ. ಅದು ಸೊನ್ನೆಯಿಂದ ಶುರು, ಸಿಕ್ಕ ರಾಶಿಯೊಳಗೆ ಮಾತ್ರ ಎಣಿಕೆ. ಹಾಗಾಗಿ ಇಕ್ಯೂ 0 ಅಂದರೆ ಮೊದಲ ಪುಸ್ತಕವೇ.

ಸಿಎಸ್‌ಎಸ್ ಅಲ್ಲದ ಸೆಲೆಕ್ಟರ್‌ಗಳು

ಈ ಇಕ್ಯೂ ಸಿಎಸ್‌ಎಸ್ ಅಲ್ಲ. ಜೆಕ್ವೆರಿ ತನ್ನದಾಗಿ ಸೇರಿಸಿದ್ದು. ಇಂಥವು ಇನ್ನೂ ಇವೆ: 'ಕಂಟೇನ್ಸ್', 'ವಿಸಿಬಲ್', 'ಈವನ್', 'ಆಡ್'. ಜೆಕ್ವೆರಿಯಲ್ಲಿ ಓಡುವ ಈ ಸಾಲುಗಳನ್ನು ಕ್ವೆರಿ ಸೆಲೆಕ್ಟರ್ ಆಲ್‌ಗೆ ಕೊಟ್ಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಅಂಕಿಅಂಶಗಳ ಚಿತ್ರ ಬಿಡಿಸುವ ಡಿ3 ಲೈಬ್ರರಿಯಲ್ಲೂ ಅಷ್ಟೇ. ಅದು ಬ್ರೌಸರ್‌ನ ಹುಡುಕಾಟವನ್ನೇ ಬಳಸುತ್ತದೆ. ಹಳೆಯ ಜೆಕ್ವೆರಿ ಕೋಡನ್ನು ಬರೀ ಜಾವಾಸ್ಕ್ರಿಪ್ಟ್‌ಗೆ ಬದಲಿಸುವಾಗ ಮೊದಲು ಈ ಪದಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಜೆಕ್ವೆರಿ ಬಳಗವೇ 3.4ರಿಂದ ಇಕ್ಯೂ, ಈವನ್, ಆಡ್ ಮುಂತಾದವನ್ನು ಸೆಲೆಕ್ಟರ್ ಒಳಗೆ ಬಳಸಬೇಡಿ ಎಂದಿದೆ. ಮೊದಲು ಸಿಎಸ್‌ಎಸ್‌ನಲ್ಲಿ ಆರಿಸಿ, ಆಮೇಲೆ ಅದೇ ಹೆಸರಿನ ಮೆಥಡ್‌ನಿಂದ ಸೋಸುವುದು ಸರಿಯಾದ ದಾರಿ.

'ಕಂಟೇನ್ಸ್' ಅಕ್ಷರ ನೋಡಿ ಹುಡುಕುತ್ತದೆ. ಒಂದು ಪದ ಇರುವ ಎಲಿಮೆಂಟ್ ಬೇಕು ಅಂದಾಗ ಅನುಕೂಲ ಅನಿಸುತ್ತದೆ. ಆದರೆ ಕನ್ನಡದಲ್ಲಿ ಇದರಿಂದ ತೊಂದರೆ ಜಾಸ್ತಿ. ಅದು ಪದ ನೋಡುವುದಿಲ್ಲ, ಅಕ್ಷರಗಳ ಸಾಲು ನೋಡುತ್ತದೆ. 'ಕನ್ನಡ' ಎಂದು ಹುಡುಕಿದರೆ 'ಕನ್ನಡಿ' ಸಿಗುತ್ತದೆ, 'ಕನ್ನಡಕ' ಸಿಗುತ್ತದೆ. 'ಮರ' ಎಂದರೆ 'ಮರಳು', 'ಮರೆವು', 'ಅಮರ' ಎಲ್ಲವೂ ಬರುತ್ತವೆ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ 'ಮರ' ಬೇಕು, 'ಮರದ' ಬೇಕು, 'ಮರಳು' ಬೇಡ ಎಂದು ಇದಕ್ಕೆ ಹೇಳಿಕೊಡುವ ದಾರಿ ಇಲ್ಲ. ಪಠ್ಯ ನೋಡಿ ಹುಡುಕುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ.

ಗುಣದ ಮೇಲೆ ಹುಡುಕುವುದು

ಚೌಕ ಆವರಣದೊಳಗೆ ಗುಣದ (ಆ್ಯಟ್ರಿಬ್ಯೂಟ್) ಹೆಸರು, ಬೆಲೆ ಬರೆದು ಹುಡುಕಬಹುದು. ಪ್ರತಿ ಪುಸ್ತಕಕ್ಕೂ 'ಡೇಟಾ-ವರ್ಷ' ಎಂಬ ಗುಣ ಕೊಟ್ಟಿದ್ದೀರಿ ಎಂದುಕೊಳ್ಳಿ:

```
$('[ಡೇಟಾ-ವರ್ಷ="1998"]')
$('[ಡೇಟಾ-ವರ್ಷ^="19"]')
```

ಮೊದಲನೆಯದು 1998 ಮಾತ್ರ. ಎರಡನೆಯದು 19ರಿಂದ ಶುರುವಾಗುವ ಎಲ್ಲ. ಡಾಲರ್ ಮತ್ತು ಸಮ ಚಿಹ್ನೆ ಸೇರಿದರೆ ಕೊನೆಯನ್ನು ನೋಡುತ್ತದೆ, ನಕ್ಷತ್ರ ಮತ್ತು ಸಮ ಸೇರಿದರೆ ನಡುವೆ ಎಲ್ಲಿದ್ದರೂ ಹಿಡಿಯುತ್ತದೆ.

ಇದನ್ನೂ ವಿಕಿಪೀಡಿಯದಲ್ಲೇ ನೋಡಿ. ಮೈಸೂರಿಗೆ ಕೊಂಡಿ ಇರುವ ಲೇಖನ ತೆರೆದು, ಕೊಂಡಿಯ ಎಚ್‌ರೆಫ್ ಗುಣದಲ್ಲಿ 'ಮೈಸೂರು' ಇದೆಯೇ ಎಂದು ಕೇಳಿದರೆ ಬಹಳ ಸಲ ಸೊನ್ನೆ ಬರುತ್ತದೆ. ಕೊಂಡಿ ಕಣ್ಣ ಮುಂದೆಯೇ ಇದೆ! ಕಾರಣ ಏನೆಂದರೆ, ಕನ್ನಡದ ವಿಳಾಸಗಳು ಎಚ್‌ಟಿಎಂಎಲ್ ಒಳಗೆ ಹೆಚ್ಚಾಗಿ ಶೇಕಡಾ ಚಿಹ್ನೆಯ ಸಂಕೇತದಲ್ಲಿ ಇರುತ್ತವೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಮ' ಒಂದಕ್ಕೇ ಮೂರು ಬೈಟ್ ಬೇಕು. ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕಿ ಅಥವಾ ಅಕ್ಷರ. ಒಟ್ಟು ಒಂಬತ್ತು. ಸೆಲೆಕ್ಟರ್ ಅದನ್ನು ಬಿಡಿಸಿ ಓದುವುದಿಲ್ಲ, ಬರೆದಿರುವುದನ್ನೇ ಹೋಲಿಸುತ್ತದೆ. ಅದೇ ಕೊಂಡಿಯ 'ಟೈಟಲ್' ಗುಣದಲ್ಲಿ ಕನ್ನಡ ಕನ್ನಡವಾಗಿಯೇ ಇರುತ್ತದೆ. ಅಲ್ಲಿ ಕೇಳಿದರೆ ಸಿಗುತ್ತದೆ.

ಇದೇ ಸಂಕೇತ ಇನ್ನೊಂದು ಕಡೆಯೂ ಎದುರಾಗುತ್ತದೆ. ವಿಳಾಸದ ಕೊನೆಯ ಹ್ಯಾಶ್ ಭಾಗವನ್ನು ತೆಗೆದು ನೇರವಾಗಿ ಡಾಲರ್‌ಗೆ ಕೊಟ್ಟು, ಆ ವಿಭಾಗಕ್ಕೆ ಪುಟವನ್ನು ಸರಿಸುವ ಕೋಡ್ ತುಂಬ ಕಡೆ ಇದೆ. ಇಂಗ್ಲಿಷ್ ತಲೆಬರಹ ಇದ್ದಾಗ ಚೆನ್ನಾಗಿ ನಡೆಯುತ್ತದೆ. ಕನ್ನಡ ತಲೆಬರಹ ಬಂದ ಕೂಡಲೇ ಎರರ್ ಬಂದು ನಿಲ್ಲುತ್ತದೆ. ಬ್ರೌಸರ್ ಆ ಹ್ಯಾಶನ್ನು ಶೇಕಡಾ ಸಂಕೇತದಲ್ಲಿ ಕೊಟ್ಟಿರುತ್ತದೆ, ಸೆಲೆಕ್ಟರ್‌ನಲ್ಲಿ ಶೇಕಡಾ ಚಿಹ್ನೆಗೆ ಜಾಗ ಇಲ್ಲ. ಮೊದಲು ಡಿಕೋಡ್ ಯುಆರ್‌ಐ ಕಾಂಪೊನೆಂಟ್‌ಗೆ ಕೊಟ್ಟು ಬಿಡಿಸಿ. ಹ್ಯಾಶ್ ತೆಗೆದು ಗೆಟ್ ಎಲಿಮೆಂಟ್ ಬೈ ಐಡಿಗೆ ಕೊಡುವುದು ಇನ್ನೂ ಸುರಕ್ಷಿತ. ಹೊರಗಿನಿಂದ ಬಂದ ಯಾವ ಮಾತನ್ನೂ ಹಾಗೇ ಡಾಲರ್ ಒಳಗೆ ಹಾಕಬೇಡಿ. ಜೆಕ್ವೆರಿಯ ಡಾಲರ್ ಸೆಲೆಕ್ಟರನ್ನೂ ಓದುತ್ತದೆ, ಎಚ್‌ಟಿಎಂಎಲ್ ತುಣುಕನ್ನೂ ಓದಿ ಎಲಿಮೆಂಟ್ ಸೃಷ್ಟಿಸುತ್ತದೆ. ಕೆಟ್ಟ ಕೋಡ್ ನುಸುಳಲು ಇದು ಬಾಗಿಲಾಗುತ್ತದೆ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಕನ್ನಡದಲ್ಲಿ ಕ್ಲಾಸ್ ಹೆಸರು ಇಡುವವರು ಇದನ್ನು ಖಂಡಿತ ತಿಳಿದಿರಬೇಕು. ನಾನು ಒಂದು ಮಧ್ಯಾಹ್ನ ಪೂರ್ತಿ ಇದರಲ್ಲಿ ಕಳೆದಿದ್ದೇನೆ.

ಎಚ್‌ಟಿಎಂಎಲ್‌ನಲ್ಲಿ 'ಬುಕ್' ಎಂಬ ಕ್ಲಾಸ್ ಇತ್ತು. ಕೋಡಿನಲ್ಲೂ 'ಬುಕ್' ಎಂದೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎಣಿಕೆ ಮಾತ್ರ ಸೊನ್ನೆ. ಕೊನೆಗೆ ಎರಡರ ಉದ್ದವನ್ನು ಕನ್ಸೋಲ್‌ನಲ್ಲಿ ಕೇಳಿದೆ. ಒಂದಕ್ಕೆ 4, ಇನ್ನೊಂದಕ್ಕೆ 5.

ನಾಲ್ಕು ಅಂದರೆ ಬ, ಉಕಾರ, ಕ, ಹಲಂತ. ಐದನೆಯದು ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯಿನರ್. 'ಸಾಫ್ಟ್‌ವೇರ್' ಬರೆಯುವಾಗ ಟಕಾರದ ಕೆಳಗೆ ವಕಾರದ ಒತ್ತು ಬೀಳದ ಹಾಗೆ ತಡೆಯುವುದು ಇದೇ. ಪದದ ನಡುವೆ ಇದ್ದರೆ ಒತ್ತು ಬಿಡಿಸಿದ್ದು ಕಾಣುತ್ತದೆ. ಪದದ ಕೊನೆಗೆ ಇದ್ದರೆ ಏನೂ ಕಾಣುವುದಿಲ್ಲ. ಕೆಲವು ಕೀಬೋರ್ಡ್‌ಗಳು ಹಲಂತದ ಜೊತೆ ಇದನ್ನು ತಾವಾಗಿ ಹಾಕುತ್ತವೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವಾಗಲೂ ಸೇರಿಕೊಳ್ಳುತ್ತದೆ.

ಇನ್ನೊಂದು ಬಗೆಯೂ ಇದೆ. 'ಕೋ' ಅನ್ನುವುದನ್ನು ಕ ಮತ್ತು ಓಕಾರ ಎಂದು ಎರಡೇ ಸಂಕೇತದಲ್ಲಿ ಬರೆಯಬಹುದು. ಕ, ಎತ್ವ, ಊಕಾರದ ಕೊಂಬು, ದೀರ್ಘ ಎಂದು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಸೆಲೆಕ್ಟರ್‌ಗೆ ಎರಡೂ ಬೇರೆ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಎಂಬ ಮೆಥಡ್ ಈ ಎರಡನೇ ತೊಂದರೆ ಬಗೆಹರಿಸುತ್ತದೆ. ಕಾಣದ ಅಕ್ಷರವನ್ನು ಅದು ತೆಗೆಯುವುದಿಲ್ಲ, ಅದನ್ನು ನಾವೇ ಬದಲಿಸಿ ತೆಗೆಯಬೇಕು.

ಹಾಗಂತ ಕನ್ನಡ ಹೆಸರು ಬಿಡಬೇಕೇ? ಬೇಡ. ಸ್ವರಾಂತ್ಯ ಪದ ಆರಿಸಿಕೊಂಡರೆ ಕೊನೆಯ ಕಾಣದ ಅಕ್ಷರದ ಕಾಟ ಹೆಚ್ಚುಕಡಿಮೆ ಇರುವುದಿಲ್ಲ. 'ಬುಕ್' ಬದಲು 'ಪುಸ್ತಕ', 'ಲಿಂಕ್' ಬದಲು 'ಕೊಂಡಿ'. ಹೆಸರನ್ನು ಮತ್ತೆ ಟೈಪ್ ಮಾಡದೆ ನಕಲು ಮಾಡಿ ಅಂಟಿಸಿ. ಇಷ್ಟು ಸಾಕು.

ಅಂಕಿಗಳ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಐಡಿ '1ಪುಟ' ಎಂದಿದ್ದರೆ ಹ್ಯಾಶ್ ಹಾಕಿ ಹಾಗೇ ಹುಡುಕಲು ಬರುವುದಿಲ್ಲ. ಸೆಲೆಕ್ಟರ್‌ನಲ್ಲಿ ಹೆಸರು ಇಂಗ್ಲಿಷ್ ಅಂಕಿಯಿಂದ ಶುರುವಾಗುವಂತಿಲ್ಲ. ಆದರೆ '೧ಪುಟ' ಎಂದು ಕನ್ನಡ ಅಂಕಿ ಇದ್ದರೆ ಸಲೀಸಾಗಿ ನಡೆಯುತ್ತದೆ! ಸಿಎಸ್‌ಎಸ್ ಲೆಕ್ಕದಲ್ಲಿ ಅದು ಬರೀ ಒಂದು ಅಕ್ಷರ. ಬೇರೆಯವರು ಮಾಡಿದ ಪುಟದಲ್ಲಿ '1ಪುಟ' ಸಿಕ್ಕರೆ, ಹೆಸರನ್ನು ಸೆಲೆಕ್ಟರ್ ಒಪ್ಪುವ ರೂಪಕ್ಕೆ ತರುವ ಸಿಎಸ್‌ಎಸ್ ಎಸ್ಕೇಪ್ ಬಳಸಿ. ಜೆಕ್ವೆರಿ 3ರಿಂದ ಅದರಲ್ಲೂ ಎಸ್ಕೇಪ್ ಸೆಲೆಕ್ಟರ್ ಎಂಬುದು ಇದೆ.

ಸೊನ್ನೆ ಬಂದರೆ ಯಾರು ಏನು ಮಾಡುತ್ತಾರೆ

ಇಲ್ಲದ ಹೆಸರನ್ನು ಕ್ವೆರಿ ಸೆಲೆಕ್ಟರ್‌ಗೆ ಕೇಳಿದರೆ ನಲ್, ಅಂದರೆ 'ಏನೂ ಇಲ್ಲ' ಎಂಬ ಬೆಲೆ ಕೊಡುತ್ತದೆ. ಅದರ ಮೇಲೆ ಏನು ಮಾಡಲು ಹೋದರೂ ತಕ್ಷಣ ಕೆಂಪು ಎರರ್ ಬರುತ್ತದೆ. ಜೆಕ್ವೆರಿ ಹಾಗಲ್ಲ. ಖಾಲಿ ರಾಶಿ ಕೊಡುತ್ತದೆ. ಅದಕ್ಕೆ ಬಣ್ಣ ಹಚ್ಚಿ, ಅಳಿಸಿ, ಕ್ಲಿಕ್ ಜೋಡಿಸಿ, ಎಲ್ಲಕ್ಕೂ ಸುಮ್ನೆ ಇರುತ್ತದೆ. ಇದು ಜೆಕ್ವೆರಿಯ ಸೊಗಸೂ ಹೌದು, ಗಂಟೆಗಟ್ಟಲೆ ಸಮಯ ತಿನ್ನುವ ಗುಣವೂ ಹೌದು. 'ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ, ಎರರ್ ಕೂಡ ಇಲ್ಲ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಲೆಂತ್, ಅಂದರೆ ಸಿಕ್ಕವುಗಳ ಎಣಿಕೆ, ಎಷ್ಟಿದೆ ಎಂದು.

ಜಾಸ್ತಿ ಸಿಕ್ಕಾಗಲೂ ವ್ಯತ್ಯಾಸ ಇದೆ. ಜೆಕ್ವೆರಿಯಲ್ಲಿ ಏನನ್ನಾದರೂ ಬದಲಿಸಿದರೆ ಸಿಕ್ಕ ಎಲ್ಲದಕ್ಕೂ ತಗಲುತ್ತದೆ. ಆದರೆ ಏನನ್ನಾದರೂ ಓದಿದರೆ ಹೆಚ್ಚಾಗಿ ಮೊದಲನೆಯದನ್ನು ಮಾತ್ರ ಓದುತ್ತದೆ. ಆ್ಯಟರ್, ವ್ಯಾಲ್, ಎಚ್‌ಟಿಎಂಎಲ್ ಮೂರೂ ಹಾಗೆ. ಟೆಕ್ಸ್ಟ್ ಮಾತ್ರ ಎಲ್ಲರ ಪಠ್ಯವನ್ನೂ ಸೇರಿಸಿ ಒಟ್ಟಿಗೆ ಕೊಡುತ್ತದೆ. ಐದು ಪುಸ್ತಕಗಳ ಹೆಸರು ಒಂದಕ್ಕೊಂದು ಅಂಟಿಕೊಂಡು ಬಂದರೆ ಗಾಬರಿಯಾಗಬೇಡಿ, ಕಾರಣ ಇದೇ.

ಸೆಲೆಕ್ಟರ್ ಸರಿ ಇದ್ದೂ ಸೊನ್ನೆ ಬರುತ್ತದೆ. ಸ್ಕ್ರಿಪ್ಟ್ ಪುಟದ ತಲೆಯಲ್ಲಿದ್ದು, ಪುಸ್ತಕಗಳು ಇನ್ನೂ ಹುಟ್ಟಿರದಿದ್ದರೆ ಹೀಗಾಗುತ್ತದೆ. ಸ್ಕ್ರಿಪ್ಟ್ ಟ್ಯಾಗ್‌ಗೆ 'ಡಿಫರ್' ಹಾಕಿ, ಆಗ ಪುಟವನ್ನೆಲ್ಲ ಓದಿದ ಮೇಲೆ ಸ್ಕ್ರಿಪ್ಟ್ ಓಡುತ್ತದೆ. ಕನ್ಸೋಲ್‌ನಲ್ಲಿ 5 ಬಂದು ಕೋಡಿನಲ್ಲಿ 0 ಬಂದರೆ ಹೆಚ್ಚಾಗಿ ಇದೇ ಕಾರಣ. ಸರ್ವರ್‌ನಿಂದ ತಡವಾಗಿ ಬರುವ ಪಟ್ಟಿಯಾದರೆ ಡಿಫರ್ ಸಾಲದು. ಆಗ ಕ್ಲಿಕ್ಕನ್ನು ಪ್ರತಿ ಪುಸ್ತಕಕ್ಕೆ ಕಟ್ಟದೆ '#ಪುಸ್ತಕಗಳು' ಎಂಬ ತಾಯಿಗೆ ಕಟ್ಟಿ. ಜೆಕ್ವೆರಿಯ 'ಆನ್' ಮೆಥಡ್‌ಗೆ ಎರಡನೇ ಮಾತಾಗಿ '.ಪುಸ್ತಕ' ಕೊಟ್ಟರೆ ನಾಳೆ ಸೇರುವ ಪುಸ್ತಕಗಳಿಗೂ ಅನ್ವಯಿಸುತ್ತದೆ. ಬರೀ ಜಾವಾಸ್ಕ್ರಿಪ್ಟ್‌ನಲ್ಲಿ 'ಕ್ಲೋಸೆಸ್ಟ್' ಬಳಸಿ ಇದೇ ಕೆಲಸ ಮಾಡಬಹುದು. ಒತ್ತಿದ ಜಾಗದಿಂದ ಮೇಲೆ ಮೇಲೆ ಹೋಗುತ್ತಾ ಮೊದಲು ಸಿಗುವ '.ಪುಸ್ತಕ' ಯಾವುದು ಎಂದು ಅದು ಹೇಳುತ್ತದೆ.

ಒಂದು ಪೆಟ್ಟಿಗೆಯ ಒಳಗಿಂದ ಹುಡುಕುವಾಗ

ಇದು ಅನುಭವಿಗಳೂ ಎಡವುವ ಜಾಗ. ಎರಡನೇ ಪುಸ್ತಕದ ಎಲಿಮೆಂಟ್ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಅದರ ಮೇಲೆ ನಿಂತು '#ಪುಸ್ತಕಗಳು .ಹೆಸರು' ಎಂದು ಕೇಳಿದರೆ ಏನು ಬರಬೇಕು? ಪುಸ್ತಕದ ಒಳಗೆ '#ಪುಸ್ತಕಗಳು' ಇಲ್ಲವಲ್ಲ, ಸೊನ್ನೆ ಬರಬೇಕು ಅಂತ ಅನಿಸುತ್ತದೆ. ಜೆಕ್ವೆರಿಯ ಫೈಂಡ್ ಸೊನ್ನೆಯನ್ನೇ ಕೊಡುತ್ತದೆ. ಬ್ರೌಸರ್‌ನ ಕ್ವೆರಿ ಸೆಲೆಕ್ಟರ್ ಆಲ್ ಒಂದನ್ನು ಕೊಡುತ್ತದೆ. ಅದು ಸೆಲೆಕ್ಟರನ್ನು ಇಡೀ ಪುಟದ ಲೆಕ್ಕದಲ್ಲಿ ಹೊಂದಿಸಿ ನೋಡಿ, ಆಮೇಲೆ ನಿಮ್ಮ ಪೆಟ್ಟಿಗೆಯೊಳಗೆ ಇರುವವನ್ನು ಮಾತ್ರ ಉಳಿಸುತ್ತದೆ. ಜೆಕ್ವೆರಿಯ ಹಾಗೆ ಬೇಕಿದ್ದರೆ ಸೆಲೆಕ್ಟರ್‌ನ ಮುಂದೆ 'ಸ್ಕೋಪ್' ಹಾಕಿ.

ಹೆಸರು ಹೇಳಿ, ದಾರಿ ಹೇಳಬೇಡಿ

ಕ್ರೋಮ್‌ನಲ್ಲಿ ಎಫ್12 ಒತ್ತಿ, 'ಎಲಿಮೆಂಟ್ಸ್' ಟ್ಯಾಬ್‌ನಲ್ಲಿ ಎಲಿಮೆಂಟ್ ಮೇಲೆ ಬಲಕ್ಲಿಕ್ ಮಾಡಿ 'ಕಾಪಿ ಸೆಲೆಕ್ಟರ್' ಒತ್ತಿದರೆ ಉದ್ದದ ಒಂದು ಸಾಲು ಸಿಗುತ್ತದೆ. ಮೂರನೇ ಮಗುವಿನ ಒಳಗಿನ ಎರಡನೇ ಮಗುವಿನ ಒಳಗಿನ ಒಂದನೇ ಮಗು, ಹೀಗೆ. ಇವತ್ತು ಸರಿಯಾಗಿ ಒಂದೇ ಸಿಗುತ್ತದೆ. ನಾಳೆ ಯಾರೋ ಮೇಲೆ ಒಂದು ಜಾಹೀರಾತು ಸೇರಿಸಿದರೆ ಬೇರೆ ಯಾವುದೋ ಸಿಗುತ್ತದೆ. ಆಗಲೂ ಎಣಿಕೆ ಒಂದೇ ಇರುವುದರಿಂದ ತಪ್ಪು ಕಾಣುವುದೂ ಇಲ್ಲ. 'ಎಡಕ್ಕೆ ಮೂರನೇ ಮನೆ' ಎನ್ನುವುದಕ್ಕಿಂತ ಮನೆಯವರ ಹೆಸರು ಹೇಳುವುದು ವಾಸಿ. 'ಎಡಗಡೆ', 'ಕೆಂಪು', 'ದೊಡ್ಡದು' ಎಂಬ ಕ್ಲಾಸ್‌ಗಳನ್ನು ನೆಚ್ಚಬೇಡಿ, ವಿನ್ಯಾಸ ಬದಲಾದರೆ ಹೋಗುತ್ತವೆ. ಕೆಲವು ಚೌಕಟ್ಟುಗಳು ತಾವೇ ಹುಟ್ಟಿಸುವ, ಅರ್ಥವಿಲ್ಲದ ಅಕ್ಷರಗಳ ಕ್ಲಾಸ್‌ಗಳು ಪ್ರತಿ ಸಲ ಕಟ್ಟುವಾಗಲೂ ಬದಲಾಗಬಹುದು. ಕೋಡಿಗೆ ಹಿಡಿದುಕೊಳ್ಳಲು ಒಂದು ಡೇಟಾ ಗುಣವನ್ನು ಬೇರೆಯಾಗಿ ಇಟ್ಟರೆ ವಿನ್ಯಾಸದವರು ಅದನ್ನು ಮುಟ್ಟುವುದಿಲ್ಲ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ಪುಟಕ್ಕೆ ಅದು ವಿಷಯವೇ ಅಲ್ಲ.

ಬ್ರೌಸರ್‌ನ ಆಚೆ

ಇದೇ ಸೆಲೆಕ್ಟರ್ ಭಾಷೆ ಬೇರೆ ಕಡೆಯೂ ಸಿಗುತ್ತದೆ. ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಚೀರಿಯೊ ಎಂಬ ಲೈಬ್ರರಿ ಇದೆ. ಎಚ್‌ಟಿಎಂಎಲ್ ಕೊಟ್ಟರೆ ಜೆಕ್ವೆರಿಯಂತೆಯೇ ಡಾಲರ್‌ನಲ್ಲಿ ಕೇಳಬಹುದು. ಅದು ಪುಟದ ಜಾವಾಸ್ಕ್ರಿಪ್ಟನ್ನು ಓಡಿಸುವುದಿಲ್ಲ. ಬ್ರೌಸರ್‌ನಲ್ಲಿ 5 ಸಿಕ್ಕಿದ್ದು ಚೀರಿಯೊದಲ್ಲಿ 0 ಆದರೆ, ಆ ಪಟ್ಟಿಯನ್ನು ಸ್ಕ್ರಿಪ್ಟ್ ಆಮೇಲೆ ತುಂಬುತ್ತಿದೆ ಎಂದು ತಿಳಿಯಿರಿ. ಅಂಥ ಪುಟಕ್ಕೆ ನಿಜವಾದ ಬ್ರೌಸರನ್ನೇ ಓಡಿಸುವ ಪಪೆಟಿಯರ್ ಅಥವಾ ಪ್ಲೇರೈಟ್ ಬೇಕು.

ಪರೀಕ್ಷೆ ಬರೆಯಲು ನಾನು ಪ್ಲೇರೈಟ್ ಹಿಡಿದದ್ದಕ್ಕೆ ಒಂದು ಕಾರಣ ಅದರ ಎಣಿಕೆ. ಒಂದು ಬಟನ್ ಒತ್ತು ಎಂದು ಹೇಳಿ, ಸೆಲೆಕ್ಟರ್‌ಗೆ ಎರಡು ಬಟನ್ ಸಿಕ್ಕರೆ ಅದು ಮೊದಲನೆಯದನ್ನು ಒತ್ತಿ ಮುಂದೆ ಹೋಗುವುದಿಲ್ಲ, ಎರಡನ್ನೂ ಒತ್ತುವುದಿಲ್ಲ. ಅಲ್ಲೇ ನಿಲ್ಲುತ್ತದೆ. ಇದನ್ನು ಸ್ಟ್ರಿಕ್ಟ್ ಮೋಡ್ ಎನ್ನುತ್ತಾರೆ. ಎಷ್ಟು ಸಿಕ್ಕವು, ಯಾವ ಯಾವುವು ಎಂದು ಪಟ್ಟಿ ಹಾಕಿ ತೋರಿಸುತ್ತದೆ. ಗ್ರಂಥಾಲಯದ ಪುಟಕ್ಕೆ ಬರೆದ ಮೊದಲ ಪರೀಕ್ಷೆಯಲ್ಲಿ '.ಹೆಸರು' ಒತ್ತು ಎಂದು ಬರೆದಿದ್ದೆ. ಆರು ಸಿಕ್ಕವು ಎಂದು ಹೇಳಿ ನಿಂತುಬಿಟ್ಟಿತು. ಪಟ್ಟಿಯ ಮೊದಲ ಸಾಲಿನಲ್ಲೇ ಗ್ರಂಥಾಲಯದ ಹೆಸರು ಇತ್ತು.